ತೂತಿಲ್ಲದ ಗುಂಡಿಗಳು

"ಇದೇನಮ್ಮ ಬರೆದಿದ್ದೀಯ? ಕಾಲರ್, ಒಂದು ತೋಳು ಅಂತ?"

ಪಶು ಆಸ್ಪತ್ರೆಯ ಡಾಕ್ಟರಮ್ಮ ಕನ್ನಡಕವನ್ನು ಹಣೆಗೇರಿಸಿ ಪುಸ್ತಕವನ್ನು ಕಣ್ಣಿನ ಹತ್ತಿರ ತಂದರು. ಅದು ಇಸ್ತ್ರಿ ಅಂಗಡಿಯ ಪುಸ್ತಕ. ಯಾವ ಮನೆಯಿಂದ ಎಷ್ಟು ಅಂಗಿ, ಎಷ್ಟು ಪ್ಯಾಂಟು ಬಂತು ಎನ್ನುವ ಸಾಲುಗಳ ಪಕ್ಕದಲ್ಲಿ ಅಲ್ಲಲ್ಲಿ ಕೆಂಪು ಪೆನ್ನಿನ ಬರಹವಿತ್ತು. ನಾಯಿಗೆ ಫಿಟ್ಸ್ ಬಂದಾಗಲೆಲ್ಲ ಎಷ್ಟು ಹೊತ್ತು ಇತ್ತು ಅಂತ ಬರೆದಿಡು ಎಂದು ಹೋದ ಸಲ ಹೇಳಿ ಕಳಿಸಿದ್ದವರು ಅವರೇ.

"ಅಷ್ಟು ಹೊತ್ತು ಇತ್ತು ಮೇಡಂ," ಎಂದಳು ಇಸ್ತ್ರಿಯವಳು. "ಒಂದು ಅಂಗಿಯ ಕಾಲರಿಗೂ ಒಂದು ತೋಳಿಗೂ ಇಸ್ತ್ರಿ ಹಾಕೋ ಅಷ್ಟು ಹೊತ್ತು."

"ಗಡಿಯಾರ ನೋಡೋದಲ್ವಾ?"

"ಅವನು ಹಾಗೆ ಒದ್ದಾಡ್ತಿದ್ರೆ ಗಡಿಯಾರದ ಕಡೆ ಕಣ್ಣು ಹೋಗುತ್ತಾ ಮೇಡಂ? ಕೈ ಮಾತ್ರ ಅದರ ಪಾಡಿಗೆ ಆಡ್ತಿರುತ್ತೆ."

ಮೊದಲ ಸಲ ಫಿಟ್ಸ್ ಬಂದಾಗ ಅವಳ ಕೈಯಲ್ಲಿ ಗಿರಾಕಿಯೊಬ್ಬರ ಅಂಗಿಯಿತ್ತು. ನಾಯಿ ಮೇಜಿನ ಕೆಳಗೆ ಪಕ್ಕಕ್ಕೆ ಬಿದ್ದು ಕಾಲು ಬಡಿಯತೊಡಗಿತು. ಕೈ ನಿಂತರೆ ಅಂಗಿ ಸುಟ್ಟು ಹೋಗುತ್ತದೆ ಎಂದು ಹದಿನೆಂಟು ವರ್ಷದ ಅಭ್ಯಾಸ ಹೇಳಿತು. ಕಣ್ಣು ನಾಯಿಯ ಮೇಲೆ, ಕೈ ಅಂಗಿಯ ಮೇಲೆ. ಆಮೇಲಿನ ಸಲಗಳಲ್ಲಿ ಅವಳು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ನಾಯಿಯ ಸುತ್ತ ಇದ್ದ ಸಾಮಾನು ಸರಿಸಿ ಕೂರುತ್ತಿದ್ದಳು. ಬಾಯಿಗೆ ಕೈ ಹಾಕಬೇಡ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಮುಟ್ಟಲೂ ಆಗದು. ಬರಿಗೈ ಮಾತ್ರ ಗಾಳಿಯಲ್ಲಿ ಕಾಲರು, ತೋಳು, ಬೆನ್ನು ಎಂದು ಸಾಗುತ್ತಿತ್ತು.

"ಎಲ್ಲಿ, ಒಂದು ಅಂಗಿ ಹಾಕು ನೋಡೋಣ," ಎಂದು ಡಾಕ್ಟರಮ್ಮ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು.

ಪ್ರಾಣಿಗಳನ್ನು ಮಲಗಿಸುವ ಸ್ಟೀಲ್ ಮೇಜಿನ ಮೇಲೆ ಅವಳು ಇಲ್ಲದ ಅಂಗಿಯನ್ನು ಹರವಿ, ಇಲ್ಲದ ಪೆಟ್ಟಿಗೆಯಿಂದ ಇಸ್ತ್ರಿ ಹಾಕಿ, ಮಡಿಸಿ ಪಕ್ಕಕ್ಕಿಟ್ಟಳು. ಎರಡೂವರೆ ನಿಮಿಷ. ಇನ್ನೊಂದು ಹಾಕಿಸಿದರು. ಅದಕ್ಕೂ ಎರಡೂವರೆ ನಿಮಿಷ.

ಬಾಗಿಲಲ್ಲಿ ಆಡು ಹಿಡಿದು ಕಾಯುತ್ತಿದ್ದ ಮುದುಕ, "ನಂದೂ ಒಂದು ಇದೆ ತಾಯಿ, ಹೆಂಗೂ ಖಾಲಿ ಇದ್ದೀಯ, ಹಾಕಿಬಿಡು," ಎಂದ.

ಡಾಕ್ಟರಮ್ಮ ನಕ್ಕರು, ಆಮೇಲೆ ಪುಟಗಳನ್ನು ತಿರುವುತ್ತ ಗಂಭೀರವಾದರು. ಯಾವುದೂ ಒಂದು ಅಂಗಿಯನ್ನು ದಾಟಿರಲಿಲ್ಲ, ಅದು ಒಳ್ಳೆಯದು. ಎರಡು ಅಂಗಿ ಆದರೂ ನಿಲ್ಲದಿದ್ದರೆ ಮಾತ್ರ ತಕ್ಷಣ ಎತ್ತಿಕೊಂಡು ಬಾ ಎಂದರು. "ಆದ್ರೆ ಇದೆಲ್ಲ ಸೋಮವಾರವೇ ಬಂದಿದೆಯಲ್ಲಮ್ಮ. ಮಾತ್ರೆ ತಪ್ಪುತ್ತಿಲ್ಲ ತಾನೆ?"

"ಒಂದೂ ತಪ್ಪಿಲ್ಲ. ಶನಿವಾರ, ಭಾನುವಾರ ನಾನು ಲಾಡ್ಜಿಗೆ ಹೋಗ್ತೀನಿ, ಹಾಸಿಗೆ ಬಟ್ಟೆ ಇಸ್ತ್ರಿಗೆ. ಆಗ ನಮ್ಮ ಯಜಮಾನ್ರು ಕೊಡ್ತಾರೆ. ನಾನಿಲ್ಲದ ಕೊರಗು ಇರಬೇಕು ಮೇಡಂ, ಅದಕ್ಕೇ ಸೋಮವಾರ ಹೀಗೆ."

"ಕೊರಗಿಗೆ ಫಿಟ್ಸ್ ಬರಲ್ಲಮ್ಮ."

ಅವರು ಮಾತ್ರೆಯ ಚೀಟಿ ಬರೆಯತೊಡಗಿದರು. ಈಗಿನದು ಮನುಷ್ಯರಿಗೂ ಕೊಡುವ ಮಾತ್ರೆ; ಚೀಟಿ ಇದ್ದರೆ ಅಗ್ಗಕ್ಕೆ ಸಿಗುತ್ತದೆ. ಇನ್ನೊಂದು ತಿಂಗಳು ಹೀಗೇ ಆದರೆ ಇದರ ಜೊತೆ ಇನ್ನೊಂದು ಔಷಧಿ ಸೇರಿಸಬೇಕಾಗುತ್ತದೆ, ಅದು ಇಲ್ಲಿ ಸಿಗುವುದಿಲ್ಲ, ಬೆಲೆಯೂ ಜಾಸ್ತಿ ಎಂದರು. ಅವಳು ಹೂಂ ಎಂದಳು. ಗಾಜಿನ ಬಾಗಿಲಿನ ಖಾಸಗಿ ಆಸ್ಪತ್ರೆಯವರು ತಲೆಯ ಸ್ಕ್ಯಾನ್ ಮಾಡಿಸಿ ಎಂದು ಅವಳ ನಾಲ್ಕು ತಿಂಗಳ ದುಡಿಮೆಯಷ್ಟು ಹೇಳಿದಾಗಲೂ ಹೀಗೇ ಹೂಂ ಎಂದಿದ್ದಳು.

ಅವಳ ಅಂಗಡಿ ಎಂದರೆ ನಾಲ್ಕು ಮಹಡಿ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಅದರ ಹಿಂದಿನ ಎರಡು ಕೋಣೆಯೇ ಮನೆ. ಗಂಡ ಒಂದು ಆಫೀಸಿನ ಗೇಟು ಕಾಯುತ್ತಾನೆ. ಅತ್ತೆಗೆ ಕಣ್ಣಿನಲ್ಲಿ ಪೊರೆ, ನಾಲಗೆಯಲ್ಲಿ ಮಾತ್ರ ಏನೂ ಇಲ್ಲ. ನಾಯಿ ಬಂದು ಐದು ವರ್ಷವಾಯಿತು. ಮರಿಯಾಗಿದ್ದಾಗ ಗಿರಾಕಿಗಳ ಪೈಜಾಮದ ಲಾಡಿಯನ್ನೇ ಹುಡುಕಿ ಎಳೆದು ಅಗಿಯುತ್ತಿತ್ತು. ಹೊಸ ಲಾಡಿ ಪೋಣಿಸಿ ಪೋಣಿಸಿ ಸಾಕಾಗಿ ಅವಳು ಅದಕ್ಕೆ ಲಾಡಿ ಎಂದೇ ಹೆಸರಿಟ್ಟಳು. ಅವಳು ನಿಂತಲ್ಲಿ ದಿನವಿಡೀ ಅದು ಕಾಲ ಬಳಿ ಇರುತ್ತಿತ್ತು. ಅವಳು ಏಕೆ ನಿಂತಿದ್ದಾಳೆ, ಎಷ್ಟು ಹೊತ್ತಿನಿಂದ ನಿಂತಿದ್ದಾಳೆ ಎಂದು ಗಮನಿಸುವ ಜೀವ ಆ ಮನೆಯಲ್ಲಿ ಅದೊಂದೇ.

ಶನಿವಾರ ಬೆಳಿಗ್ಗೆ ಐದೂವರೆಗೆ ಹೊರಡುವ ಮೊದಲು ಅವಳು ಎರಡು ಹೊತ್ತಿನ ಅಡುಗೆ ಮಾಡಿಡುತ್ತಿದ್ದಳು. ನೀರು ತುಂಬಿಸಿ, ಗಂಡನ ಸಮವಸ್ತ್ರ ನೆನೆಹಾಕಿ, ಅತ್ತೆಯ ಮೊಣಕಾಲಿನ ಎಣ್ಣೆಯನ್ನು ಕೈಗೆಟುಕುವಲ್ಲಿ ಇಟ್ಟು, ಕೊನೆಗೆ ಲಾಡಿಯ ಎರಡು ಮಾತ್ರೆಗಳನ್ನು ಎರಡು ಲೋಟದ ಕೆಳಗೆ ಮುಚ್ಚಿಡುತ್ತಿದ್ದಳು. ಒಂದು ಬೆಳಿಗ್ಗೆಗೆ, ಒಂದು ಸಂಜೆಗೆ. ಭಾನುವಾರವೂ ಹೀಗೇ. ಮನೆಯ ಅಷ್ಟೂ ಕೆಲಸದಲ್ಲಿ ಗಂಡನ ಪಾಲಿಗೆ ಬಂದದ್ದು ವಾರಕ್ಕೆ ಆ ನಾಲ್ಕು ಮಾತ್ರೆ. ಅದನ್ನು ಅವನು ಮೆಟ್ಟಿಲು ಹತ್ತಿ ಇಳಿಯುವವರಿಗೆಲ್ಲ ಹೇಳಿದ್ದ. "ನಾಯಿ ನೋಡ್ಕೊಳ್ಳೋದೆಲ್ಲ ನಾನೇ. ಅವಳಿಗೆ ಟೈಮೆಲ್ಲಿ?"

ರಾತ್ರಿ ಒಂಬತ್ತರ ಮೇಲೆ ಅವಳು ಬಂದು, "ಮಾತ್ರೆ ಕೊಟ್ರಾ?" ಎಂದರೆ, "ಆಯ್ತು," ಎನ್ನುತ್ತಿದ್ದ. ಲೋಟ ಎತ್ತಿದರೆ ಮಾತ್ರೆ ಇರುತ್ತಿರಲಿಲ್ಲ. ಸುಳ್ಳಲ್ಲ.

ಆಸ್ಪತ್ರೆಯಿಂದ ಬಂದ ಸಂಜೆ ಎರಡನೇ ಔಷಧಿಯ ವಿಷಯ ಹೇಳಿದಾಗ ಗಂಡ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅದಕ್ಕೂ ಕಷ್ಟ, ನಮಗೂ ಕಷ್ಟ. ಒಂದು ಇಂಜೆಕ್ಷನ್ ಕೊಡಿಸಿಬಿಟ್ರೆ ಮಲಗಿದ ಹಾಗೇ ಹೋಗುತ್ತಂತೆ."

"ಯಾರಂದ್ರು?"

"ಆಫೀಸಲ್ಲಿ ಅಂತಿದ್ರು."

"ಆಫೀಸಿನೋರಿಗೆ ನಮ್ಮನೆ ಮೇಲೆ ಎಷ್ಟು ಅಕ್ಕರೆ!" ಎಂದು ಅವಳು ತಟ್ಟೆ ಎತ್ತಿಕೊಂಡಳು.

"ನನ್ನ ಮೊಣಕಾಲು ಮೂರು ವರ್ಷದಿಂದ ನೋಯ್ತಿದೆ," ಎಂದರು ಅತ್ತೆ ಗೋಡೆಗೆ. "ನಾನೂ ಒಂದು ಸಲ ಬಿದ್ದು ಕಾಲು ಬಡೀಬೇಕಿತ್ತು. ಪುಸ್ತಕದಲ್ಲಿ ಬರೆದುಕೊಳ್ಳೋರು."

"ನೀವು ಬಿದ್ರೂ ಬಾಯಿ ನಿಲ್ಲಲ್ಲ ಅತ್ತೆ. ಬರೆಯೋಕೆ ಪುಸ್ತಕ ಸಾಲಲ್ಲ."

ಅತ್ತೆ ಕಿಸಕ್ಕನೆ ನಕ್ಕರು. ಅವರ ಜಗಳದ ಕೊನೆ ಸಾಮಾನ್ಯವಾಗಿ ಹೀಗೇ. ಆದರೆ ಅವಳಿಗೆ ಆ ದಿನ ನಗು ಬರಲಿಲ್ಲ. ಪಾತ್ರೆ ತೊಳೆಯುತ್ತಲೇ ಯೋಚಿಸಿದಳು. ಲಾಡ್ಜಿನ ಮ್ಯಾನೇಜರು ಬುಧವಾರವೂ ಬಾ ಎಂದು ಕರೆಯುತ್ತಲೇ ಇದ್ದ. ಹೋದರೆ ಎರಡನೇ ಔಷಧಿಯ ಖರ್ಚು ಹುಟ್ಟುತ್ತದೆ. ಆದರೆ ಇನ್ನೊಂದು ದಿನ ಲಾಡಿಯನ್ನು ಬಿಟ್ಟು ಹೋಗಬೇಕು. ತಾನಿಲ್ಲದ್ದರಿಂದಲೇ ಫಿಟ್ಸ್ ಬರುತ್ತದೆ ಎಂದು ಅವಳು ಒಳಗೊಳಗೇ ಇನ್ನೂ ನಂಬಿದ್ದಳು. ಮನೆಯಲ್ಲಿ ಏನು ಕೆಟ್ಟರೂ ತಾನು ಎಲ್ಲಿದ್ದೆ ಎಂದು ಮೊದಲು ಕೇಳಿಕೊಳ್ಳುವುದು ಅವಳಿಗೆ ಉಸಿರಾಟದಷ್ಟು ರೂಢಿಯಾಗಿತ್ತು. ಬೆಳಿಗ್ಗೆ ಮ್ಯಾನೇಜರಿಗೆ ಫೋನು ಮಾಡಿ, ಮುಂದಿನ ವಾರದಿಂದ ಬುಧವಾರವೂ ಬರುತ್ತೇನೆ ಎಂದಳು.

ಅದರ ಮರುದಿನ ಸಂಜೆ ಮೂರನೇ ಮಹಡಿಯ ವಕೀಲಮ್ಮ ಬಿಳಿ ಅಂಗಿ ಹಿಡಿದು ಇಳಿದು ಬಂದರು.

"ನೋಡೇ, ಮೇಲಿನ ಗುಂಡಿ ಇಲ್ಲ. ನಾಳೆ ಕೋರ್ಟಿಗೆ ಬೇಕು."

"ನಮ್ಮಲ್ಲಿ ಬಿದ್ದಿದ್ರೆ ಎಲ್ಲಿಗೂ ಹೋಗಿರಲ್ಲ ಮೇಡಂ, ಡಬ್ಬೀಲಿ ಇರುತ್ತೆ."

ಅದು ಆ ಮನೆಯ ಕಟ್ಟುನಿಟ್ಟು. ನೆಲದ ಮೇಲೆ ಸಿಕ್ಕ ಗುಂಡಿ, ಹುಕ್ಕು, ಪಿನ್ನು ಏನೇ ಆಗಲಿ ಹಳೆಯ ಬಿಸ್ಕತ್ತಿನ ಡಬ್ಬಿಗೆ ಹೋಗಬೇಕು, ಕಸಕ್ಕೆ ಹೋಗಕೂಡದು. ಗಿರಾಕಿಗಳು ಅವಳನ್ನು ನಂಬುವುದಕ್ಕೆ ಇಸ್ತ್ರಿಯಷ್ಟೇ ಆ ಡಬ್ಬಿಯೂ ಕಾರಣ. ಆದರೆ ಯಾರಾದರೂ ಕೇಳುವವರೆಗೆ ಅದನ್ನು ತೆರೆಯುವ ಪ್ರಸಂಗ ಬರುತ್ತಿರಲಿಲ್ಲ. ಹೋದ ಎರಡು ತಿಂಗಳಲ್ಲಿ ಬಂದಿರಲೂ ಇಲ್ಲ.

ಅವಳು ಡಬ್ಬಿಯನ್ನು ಮೇಜಿನ ಮೇಲೆ ಸುರುವಿದಳು. ಬಿಳಿಯದನ್ನೆಲ್ಲ ಒಂದು ಕಡೆ ಸರಿಸಿದಳು. ಒಂದನ್ನು ಎತ್ತಿ ಅಂಗಿಯ ಮೇಲಿಟ್ಟು ಅಳತೆ ನೋಡಿದಳು. ಬೆರಳಿಗೆ ಹಿಟ್ಟಿನಂಥದ್ದು ಹತ್ತಿತು. ತಿರುಗಿಸಿ ನೋಡಿದರೆ ತೂತೇ ಇಲ್ಲ; ನಡುವೆ ಒಂದು ಗೀಟು.

ಆ ಗೀಟು ಅವಳಿಗೆ ಚೆನ್ನಾಗಿ ಗೊತ್ತು. ವಾರಕ್ಕೆ ಐದು ದಿನ, ದಿನಕ್ಕೆ ಎರಡು ಸಲ ಅದು ಅವಳ ಬೆರಳ ತುದಿಯಲ್ಲಿರುತ್ತಿತ್ತು. ಅವಳು ಗುಪ್ಪೆಯನ್ನು ಕೆದಕಿದಳು. ಇನ್ನೊಂದು. ಮತ್ತೊಂದು. ಕೆಲವು ನೆನೆದು ಅರ್ಧ ಕರಗಿ ಆಮೇಲೆ ಒಣಗಿದ್ದವು. ಎಲ್ಲ ಸೇರಿ ಹತ್ತೊಂಬತ್ತು.

"ಅತ್ತೆ, ಇವನ್ನ ಡಬ್ಬಿಗೆ ಹಾಕಿದ್ಯಾರು?"

"ನಾನೇ. ನೀನು ಲಾಡ್ಜಿಗೆ ಹೋದ ದಿನ ಕಸ ಗುಡಿಸೋಳು ನಾನಲ್ದೆ ಇನ್ಯಾರು? ನಿನ್ನ ಮೇಜಿನ ಕೆಳಗೇ ಸಿಕ್ತಿತ್ತು. ಒಂದು ಗುಂಡಿನೂ ಬಿಸಾಕಬೇಡಿ ಅಂತ ನೀನೇ ತಾನೆ ಹೇಳಿದ್ದು? ಯಾರೋ ದರಿದ್ರದೋರ ಅಂಗಿ ಕಣೇ, ವಾರ ವಾರ ಉದುರುತ್ತೆ."

ವಕೀಲಮ್ಮ ಒಂದು ಮಾತ್ರೆ ಎತ್ತಿ ನೋಡಿ, "ಇದು ಸಾಕ್ಷಿ," ಎಂದು ಸ್ಟೂಲು ಎಳೆದು ಕೂತರು. ಅಂಗಿ ಮರೆತೇಹೋಗಿತ್ತು.

ಗಂಡ ಆರೂವರೆಗೆ ಬಂದ. ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದ ಹತ್ತೊಂಬತ್ತನ್ನೂ ನೋಡಿದ. ಅವಳು ಕೂಗಾಡಲಿಲ್ಲ.

"ಏಳು ಗಂಟೆ ಮಾತ್ರೆ ಇವತ್ತು ನೀವು ಕೊಡಿ. ಶನಿವಾರ ಹೇಗೆ ಕೊಡ್ತೀರೋ ಹಾಗೇ."

"ಕೊಡ್ತೀನಪ್ಪ. ಅದೇನು ದೊಡ್ಡ ವಿದ್ಯೆ?"

ಅವನು ತನ್ನ ಕುರ್ಚಿಯಲ್ಲಿ ಕೂತು, ಬ್ರೆಡ್ಡಿನ ಚೂರಿನಲ್ಲಿ ಮಾತ್ರೆ ಒತ್ತಿ, ಕೂತಲ್ಲಿಂದಲೇ ಎಸೆದ. ಲಾಡಿ ಗಾಳಿಯಲ್ಲೇ ಹಿಡಿಯಿತು. "ನೋಡಿದ್ಯಾ?" ಎಂದು ಅವನು ಮೊಬೈಲು ತೆಗೆದ.

ಲಾಡಿ ಎರಡು ಸಲ ಅಗಿದು ಬ್ರೆಡ್ಡು ನುಂಗಿತು. ಬಾಲ ಆಡಿಸಿತು. ಏನೂ ಅವಸರವಿಲ್ಲದೆ ಮೇಜಿನ ಕೆಳಗೆ ಹೋಗಿ, ತಲೆ ಬಗ್ಗಿಸಿ, ಮಾತ್ರೆಯನ್ನು ಮೆಲ್ಲಗೆ ನೆಲದ ಮೇಲಿಟ್ಟು, ಅದರ ಪಕ್ಕದಲ್ಲಿ ಮಲಗಿತು.

ಮೊದಲು ನಕ್ಕವರು ಅತ್ತೆ. ಕಣ್ಣು ಸರಿಯಾಗಿ ಕಾಣದಿದ್ದರೂ ಟಕ್ ಎಂಬ ಸಣ್ಣ ಸದ್ದು ಅವರಿಗೆ ಕೇಳಿಸಿತ್ತು. "ಬಿತ್ತು ನೋಡೇ ಗುಂಡಿ! ಎಲಾ ನನ್ನ ಮಗನೇ, ಜನರ ಲಾಡಿ ಎಲ್ಲ ತಿಂದು ಅರಗಿಸಿಕೊಂಡೋನು, ಗುಲಗಂಜಿಯಷ್ಟು ಮಾತ್ರೆ ಬೇಡವಾಯ್ತಾ!"

"ನಾನು ಕೊಟ್ಟಿದ್ದಂತೂ ನಿಜ," ಎಂದ ಗಂಡ.

"ಕೊಟ್ರಿ. ಇಲ್ಲ ಅಂದೋರ್ಯಾರು?" ಎಂದಳು ಅವಳು. "ಗೇಟಲ್ಲಿ ಒಳಗೆ ಹೋದೋರು ಯಾರು, ಹೊರಗೆ ಬಂದೋರು ಯಾರು ಅಂತ ಎರಡೂ ಬರ್ಕೋತೀರಲ್ಲ? ಇಲ್ಲಿ ಒಳಗೆ ಹೋಯ್ತಾ ಅಂತ ಒಂದಾದ್ರೂ ನೋಡಬಾರದಿತ್ತಾ?"

ವಕೀಲಮ್ಮ ಸ್ಟೂಲಿನಿಂದಲೇ, "ಪ್ರಶ್ನೆ ಸರಿಯಾಗಿದೆ," ಎಂದರು.

ಮಾತ್ರೆಯ ಸಾಲಿನ ಮೇಲೆ ಗಂಡನ ಕಣ್ಣು ಎರಡು ಸಲ ಓಡಿತು. ಇಂಜೆಕ್ಷನ್ನಿನ ಮಾತು ನೆನಪಾಯಿತೋ ಏನೋ, ಮುಖ ಕಂದಿತು. ಅವಳು ಬಗ್ಗಿ ನೆಲದ ಮಾತ್ರೆ ಎತ್ತಿ ಅವನ ಅಂಗೈಯಲ್ಲಿಟ್ಟಳು.

"ಏಳಿ. ಇಲ್ಲಿ ಬಂದು ಮಂಡಿಯೂರಿ. ಬಾಯಿ ಬಿಡಿಸಿ, ನಾಲಗೆ ಹಿಂದೆ ಇಡಿ. ಇನ್ನೂ ಹಿಂದೆ. ಈಗ ಬಾಯಿ ಮುಚ್ಚಿ ಹಿಡ್ಕೊಂಡು ಗಂಟಲು ಸವರಿ. ಗುಟುಕು ಇಳಿದಿದ್ದು ಬೆರಳಿಗೆ ತಿಳಿಯುತ್ತೆ. ಮೂಗು ನೆಕ್ಕಿಕೊಂಡ್ರೆ ಮುಗೀತು."

"ಪ್ರತಿ ಸಲ ಇಷ್ಟೆಲ್ಲಾನಾ?"

"ಒಂದು ತೋಳಿಗೆ ಇಸ್ತ್ರಿ ಹಾಕೋ ಅಷ್ಟು ಹೊತ್ತು. ನಾನು ಮಾಡೋದೂ ಅಷ್ಟೇ."

ಅವನು ಗಂಟಲು ಸವರುತ್ತ ಕೂತ. ಲಾಡಿ ನುಂಗಿತು. ಮೂಗು ನೆಕ್ಕಿಕೊಂಡಿತು. ಆಮೇಲೆ, ಇಷ್ಟು ಹತ್ತಿರ ಎಂದೂ ಬಾರದ ಮನುಷ್ಯನ ಮೂಗನ್ನೂ ಒಮ್ಮೆ ನೆಕ್ಕಿತು.

ಮುಂದಿನ ಸೋಮವಾರ ಅವಳು ಬೆಳಗಿನಿಂದ ಒಂದು ಕಣ್ಣನ್ನು ಮೇಜಿನ ಕೆಳಗಿಟ್ಟೇ ಇಸ್ತ್ರಿ ಹಾಕಿದಳು. ಹನ್ನೊಂದಾಯಿತು, ಮಧ್ಯಾಹ್ನವಾಯಿತು. ಲಾಡಿ ಹೊಟ್ಟೆ ಮೇಲೆ ಮಾಡಿ ಗೊರಕೆ ಹೊಡೆಯುತ್ತಿತ್ತು. ಸಂಜೆ ಕೊನೆಯ ಅಂಗಿ ಮಡಿಸಿದಾಗ, ದಿನವಿಡೀ ಬಿಗಿಹಿಡಿದಿದ್ದ ಹಲ್ಲು ನೋಯುತ್ತಿರುವುದು ಅವಳಿಗೆ ಗೊತ್ತಾಯಿತು. ಅಲ್ಲೇ ಸ್ಟೂಲಿನ ಮೇಲೆ ಕೂತು ಲಾಡ್ಜಿನ ಮ್ಯಾನೇಜರಿಗೆ ಫೋನು ಮಾಡಿ, "ಬುಧವಾರ ಆಗಲ್ಲ ಸಾರ್," ಎಂದಳು. ಯಾಕೆ ಎಂದು ಅವನು ಕೇಳಿದ. "ಸುಮ್ನೆ," ಎಂದಳು. ಆ ಮಾತು ಹೇಳಿ ಎಷ್ಟು ಕಾಲವಾಗಿತ್ತೋ, ಅವಳಿಗೇ ಹೊಸದಾಗಿ ಕೇಳಿಸಿತು.

ತಿಂಗಳು ಕಳೆದು ಡಾಕ್ಟರಮ್ಮನ ಮುಂದೆ ಪುಸ್ತಕ ಬಿಚ್ಚಿದಾಗ ಅದರಲ್ಲಿ ಬರೀ ಅಂಗಿ, ಪ್ಯಾಂಟುಗಳಿದ್ದವು. ಕೆಂಪು ಎಲ್ಲಿಯೂ ಇರಲಿಲ್ಲ. ಅವಳು ಕಾಗದದ ಪೊಟ್ಟಣದಲ್ಲಿ ಆ ಹತ್ತೊಂಬತ್ತನ್ನೂ ತಂದಿದ್ದಳು. ಡಾಕ್ಟರಮ್ಮ ಕಥೆ ಕೇಳಿ ಮೇಜು ತಟ್ಟಿ ನಕ್ಕರು. ಎರಡನೇ ಔಷಧಿ ಬೇಡ, ಸ್ಕ್ಯಾನೂ ಬೇಡ, ಈ ಮಾತ್ರೆಯೇ ಸಾಕು. ಆರು ತಿಂಗಳಿಗೊಮ್ಮೆ ಇಲ್ಲೇ ರಕ್ತ ತೆಗೆದು ನೋಡೋಣ, ಅದಕ್ಕೆ ದುಡ್ಡಿಲ್ಲ ಎಂದರು. ಫಿಟ್ಸ್ ಮತ್ತೆಂದೂ ಬರುವುದೇ ಇಲ್ಲ ಎಂದು ಹೇಳಲಾರೆ, ಬಂದರೆ ಮಾತ್ರ ಹೀಗೇ ಬರೆದಿಡು ಎಂದೂ ಸೇರಿಸಿದರು.

"ಅಂಗಿ ಲೆಕ್ಕದಲ್ಲೇನಾ ಮೇಡಂ?"

"ಇನ್ನೇನು ಮತ್ತೆ? ನನಗೂ ಈಗ ಅದೇ ರೂಢಿ."

ಮನೆಗೆ ಬಂದಾಗ ಅತ್ತೆ ಪೊರಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಬೆಳಕಿಗೆ ಬಂದು ನಿಂತಿದ್ದರು. ಹೆಬ್ಬೆರಳು ತೋರುಬೆರಳ ನಡುವೆ ಬಿಳಿಯದೊಂದನ್ನು ಹಿಡಿದು, ಕಣ್ಣಿನ ಮುಂದೆ ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. ಕೊನೆಗೆ ಉಗುರಿನಿಂದ ಕೆರೆದು, ನಂಬಿಕೆ ಸಾಲದೆ ಸೂಜಿಯನ್ನೂ ತೂರಿಸಿ ನೋಡಿದರು.

"ತೂತಿದೆ ಕಣೇ," ಎಂದರು. "ನಾಲ್ಕೂ ಇದೆ. ಡಬ್ಬಿಗೆ ಹಾಕ್ಲಾ?"