ತಪಾಸಣಿ ಖರ್ಚು ಯಾರದು

ಕೊರೋನಾದ ಎರಡನೇ ಅಲೆ ಇಳಿದ ಮೇಲೆ ನಮ್ಮ ಒಣದ್ರಾಕ್ಷಿ ಶೆಡ್ ಮತ್ತೆ ತೆರೆಯಿತು. ಜತ್ತ ರಸ್ತೆಯ ಆ ಶೆಡ್ಡಿನಲ್ಲಿ ನಾವು ಹೆಂಗಸರು ಉದ್ದನೆಯ ಮೇಜಿನ ಎರಡೂ ಬದಿಗೆ ಕೂತು ದ್ರಾಕ್ಷಿ ಆರಿಸಿ ತೊಟ್ಟು ಬಿಡಿಸುತ್ತಿದ್ದೆವು. ಮೊದಲ ದಿನವೇ ಮಾಲಕರು ಹೇಳಿಬಿಟ್ಟರು: ಲಸಿಕೆ ಹಾಕಿಸಿಕೊಳ್ಳದವರು ವಾರಕ್ಕೊಮ್ಮೆ ತಪಾಸಣಿ ಮಾಡಿಸಿಕೊಂಡೇ ಒಳಗೆ ಬರಬೇಕು, ಖರ್ಚು ಅವರವರದೇ.

ನಾನು ಹಾಕಿಸಿಕೊಂಡಿರಲಿಲ್ಲ. ನನಗಾಗ ಮೂರು ತಿಂಗಳು. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ, ಹಾಗಾಗಿ ಈ ಸಲ ಗಂಡ, ಅತ್ತೆಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಬಸುರಿಯರು ಲಸಿಕೆಯ ಸೂಜಿ ಮಾಡಿಸಿಕೊಳ್ಳಬಹುದೋ ಬಾರದೋ, ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಸರಕಾರಿ ದವಾಖಾನೆಯಲ್ಲಿ ತಪಾಸಣಿ ಪುಕ್ಕಟೆ ಇತ್ತು. ಹೋಗಿ ಪಾಳಿಗೆ ನಿಂತೆ. ಹಿಂದೆ ಮುಂದೆ ಕೆಮ್ಮುವವರೇ. ಸೆರಗು ಮೂಗಿಗೆ ಒತ್ತಿ ಹಿಡಿದು, ರೋಗ ಇಲ್ಲ ಅಂತ ತೋರಿಸಲು ಬಂದು ಇಲ್ಲೇ ಹಚ್ಚಿಕೊಂಡು ಹೋದರೆ ಅನ್ನಿಸಿ, ನಡುವೆಯೇ ಹೊರಳಿ ಬಂದೆ. ಖಾಸಗಿ ಲ್ಯಾಬಿಗೆ ನನ್ನ ಪಗಾರ ಸಾಲುತ್ತಿರಲಿಲ್ಲ.

ಲಸಿಕೆ ಇಲ್ಲದವರು ನಾವು ನಾಲ್ವರು, ದವಾಖಾನೆಯ ಪಾಳಿಗೆ ಉಳಿದವರೂ ಅಂಜುತ್ತಿದ್ದರು. ಸೇರಿ ಮಾಲಕರ ಹತ್ತಿರ ಹೋದೆವು. ತಪಾಸಣಿ ಬೇಕಾದದ್ದು ನಿಮಗೆ, ಖರ್ಚೂ ನೀವೇ ನೋಡಿಕೊಳ್ಳಿ ಎಂದೆವು. ಸೂಜಿ ಪುಕ್ಕಟೆ ಇರುವಾಗ ಒಲ್ಲೆ ಅಂದವರು ನೀವು ಎಂದರು ಅವರು. ನನ್ನ ಎದುರಿಗೆ ಕೂತು ಕೆಲಸ ಮಾಡುವ ಹಿರಿಯಾಕೆ ಮೇಜಿನ ಹತ್ತಿರದಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಅವಳ ಗಂಡನಿಗೆ ದಮ್ಮಿನ ಬ್ಯಾನಿ, ಆಗಾಗ ಉಸಿರು ಕಟ್ಟುತ್ತಿತ್ತು.

"ರೊಕ್ಕ ಯಾರರೆ ಕೊಡ್ರಿ," ಅಂದಳು, "ತಪಾಸಣಿ ಮಾತ್ರ ಬಿಡಬ್ಯಾಡ್ರಿ. ನಾ ಸಂಜಿಗಿ ಮನಿಗಿ ಹೋಗೂದು ಅವರ ಹತ್ತರ."

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳ ಅಂಜಿಕೆಯೂ ನನ್ನದರಂಥದ್ದೇ.

ಮಾಲಕರು ನಮ್ಮ ಕಡೆ ಹೊರಳಿ, "ಖರೇನ ಏನರೆ ಕಾರಣ ಇದ್ದರ ಹೇಳ್ರಿ, ನಾ ಕೊಡ್ತೀನಿ. ಬರೇ ಅಂಜಿಕಿಗಿ ನಾ ಯಾಕ ಕೊಡ್ಲಿ?" ಅಂದರು.

ಲಾರಿಗೆ ಡಬ್ಬ ಏರಿಸುವ ಗಂಡಸರೂ ಅಲ್ಲೇ ನಿಂತಿದ್ದರು. ಹೇಳಿದರೆ ದೃಷ್ಟಿ ತಾಗೀತು, ಹೇಳದಿದ್ದರೆ ಕೆಲಸ ಹೋದೀತು. "ನನಗ ಮೂರ ತಿಂಗಳ್ರಿ," ಅಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಮಾಲಕರು ತಲೆ ತಗ್ಗಿಸಿ, ನಾಳೆಯಿಂದ ನಿನ್ನ ಖರ್ಚು ನನ್ನದು ಎಂದರು.

ನಮ್ಮ ನಾಲ್ವರಲ್ಲಿ ತಿಕೋಂಡಿ ಕಡೆಯವಳೊಬ್ಬಳಿದ್ದಳು. ಅವರ ಓಣಿಯಲ್ಲಿ ಯಾರೋ ಸೂಜಿ ಮಾಡಿಸಿಕೊಂಡ ಮರುದಿನವೇ ತೀರಿಕೊಂಡರೆಂದು ಕೇಳಿ ಹೆದರಿದ್ದಳು. "ಅಂಜಿಕಿ ಕಾರಣ ಅಲ್ಲೇನ್ರಿ?" ಎಂದು ಕೇಳಿದಳು. ಮಾಲಕರು ಲಾರಿಯ ಕಡೆ ನಡೆದುಬಿಟ್ಟರು. ಅವಳು ಎರಡು ವಾರ ತಾನೇ ಖರ್ಚು ಮಾಡಿಕೊಂಡು ಬಂದಳು, ಆಮೇಲೆ ಬರಲಿಲ್ಲ.

ನಾನು ಪ್ರತಿ ವಾರ ಮೂಗಿಗೆ ಕಡ್ಡಿ ಹಾಕಿಸಿಕೊಂಡು, ಫಲಿತಾಂಶ ಬರುವವರೆಗೆ ಅನ್ನ ಸೇರದೆ ಕೂತಿರುತ್ತಿದ್ದೆ. ಐದನೇ ತಿಂಗಳಲ್ಲಿ ಡಾಕ್ಟರಬಾಯಿ ಧೈರ್ಯ ಹೇಳಿದ ಮೇಲೆ ಸೂಜಿ ಮಾಡಿಸಿಕೊಂಡೆ. ಜ್ವರ ಬಂತು, ಇಳಿಯಿತು. ಚಳಿಗಾಲದಲ್ಲಿ ಮಗಳು ಹುಟ್ಟಿದಳು.

ತಿಕೋಂಡಿಯವಳ ಪರವಾಗಿ ಅವತ್ತು ನಾವು ಯಾರೂ ಮಾತಾಡಲಿಲ್ಲ. ನನ್ನ ಖರ್ಚಿನ ಮಾತು ಮುಗಿದಿತ್ತು. ಅವಳು ಈಗ ಎಲ್ಲಿ ಕೆಲಸಕ್ಕೆ ಹೋಗುತ್ತಾಳೋ ಗೊತ್ತಿಲ್ಲ.