ದೀಪ ಹಚ್ಚುವ ಹೊತ್ತಿಗೆ ನಿಲ್ಲುತ್ತಿದ್ದ ಗಿರಣಿ

ನನ್ನ ಅಕ್ಕನನ್ನು ಕೊಟ್ಟ ಮನೆಯಲ್ಲಿ ಹಿಟ್ಟಿನ ಗಿರಣಿ ಇತ್ತು. ಅಂಗಳದ ಒಂದು ಬಾಜು ಮನೆ, ಇನ್ನೊಂದು ಬಾಜು ಗಿರಣಿ, ನಡುವೆ ತುಳಸಿಕಟ್ಟೆ. ನವಲಗುಂದದ ಕಡೆಯ ಆ ಊರಿನಲ್ಲಿ ಜೋಳ ಬೀಸಿಸಲು ಬೇರೆ ಜಾಗವಿರಲಿಲ್ಲ. ಹಾಗಾಗಿ ಗಿರಣಿಯ ಯಜಮಾನ, ಅಂದರೆ ಅಕ್ಕನ ಮಾವ, ತಾನು ಅಂದದ್ದೇ ಶಾಸ್ತ್ರ ಅಂದುಕೊಂಡಿದ್ದ. ಊರೂ ಹಾಗೇ ಅಂದುಕೊಂಡಿತ್ತು. ಹಿಟ್ಟು ಬೇಕಾದವರು ವಾದ ಮಾಡುವುದಿಲ್ಲ.

ಮದುವೆಯಾಗಿ ಮೂರು ತಿಂಗಳು ಆಗಿರಬಹುದು, ಸುದ್ದಿ ಬಂತು: ಸೊಸೆಯ ಕಾಲ್ಗುಣ ಸರಿಯಿಲ್ಲ, ಆಕೆ ಬಂದಾಗಿನಿಂದ ಗಿರಣಿ ದಿನಾ ನಿಲ್ಲುತ್ತಿದೆ, ನಾಲ್ಕು ದಿನ ತವರಿಗೆ ಕರೆದುಕೊಂಡು ಹೋಗಿ. ನಮ್ಮ ಕಡೆ ಈ ನಾಲ್ಕು ದಿನಕ್ಕೆ ಕೊನೆಯಿರುವುದಿಲ್ಲ. ಹಾಗೆ ಬಂದು ತವರಿನಲ್ಲಿ ಶಾವಿಗೆ ಹೊಸೆಯುತ್ತ ಮುದುಕಿಯಾದವರು ನಮ್ಮ ಓಣಿಯಲ್ಲೇ ಇದ್ದರು. ಸಾಲಿ ಮಾಸ್ತರನಾದ ನಮ್ಮಪ್ಪ ಸುದ್ದಿ ಕೇಳಿದವನೇ ಅಕ್ಕನ ಟ್ರಂಕು ತರಲು ಯಾರ ಗಾಡಿ ಕೇಳುವುದು ಅಂತ ಯೋಚನೆಗೆ ಬಿದ್ದ.

ಸಣ್ಣ ಮಗಳಾದ ನಾನು ಆಗ ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿ ಢಾಲು ತರುತ್ತಿದ್ದೆ.

"ನಾನೂ ಬರ್ತೀನಿ" ಅಂದೆ.

"ನೀ ಬಂದ್ರ ಜಗಳ ಆಗತದ" ಅಂದ ಅಪ್ಪ.

"ನಾ ಬರದಿದ್ರ ಅಕ್ಕ ಬರ್ತಾಳ."

ಹೋಗಿ ನೋಡಿದರೆ ಗಿರಣಿಯ ಮೋಟಾರಿಗೆ ಕುಂಕುಮ, ಭಂಡಾರ, ಒಣಗಿದ ಹೂವಿನ ಮಾಲೆ. ಅದಕ್ಕೆ ಸಿಗುತ್ತಿದ್ದ ಮರ್ಯಾದೆಯ ಕಾಲುಭಾಗ ಅಕ್ಕನಿಗೆ ಸಿಕ್ಕಿದ್ದರೆ ನಾವು ಬಸ್ಸು ಹತ್ತುವ ಕೆಲಸವೇ ಇರಲಿಲ್ಲ. ಸ್ಟಾರ್ಟರಿನ ಕೆಳಗೆ ಹೊಸ ಡಬ್ಬಿಯೊಂದು ಕೂತಿತ್ತು: ಎಲೆಕ್ಟ್ರಾನಿಕ್ ಓವರ್‌ಲೋಡ್ ರಿಲೇ. ಮದುವೆಗೆ ಮೊದಲಿನ ಒಂದು ವರ್ಷದಲ್ಲಿ ಮೋಟಾರು ಎರಡು ಸಲ ಸುಟ್ಟಿತ್ತು. ಹುಬ್ಬಳ್ಳಿಯ ರಿವೈಂಡಿಂಗ್ ಅಂಗಡಿಯವರು ಎರಡನೇ ಸಲ ತಂತಿ ಸುತ್ತಿಕೊಡುವಾಗ ಇದನ್ನು ಹಚ್ಚಲೇಬೇಕು ಅಂದಿದ್ದರು. ಡಬ್ಬಿ ಗಿರಣಿಗೆ ಬಂದ ವಾರವೇ ಅಕ್ಕ ಮನೆಗೆ ಬಂದಳು. ಹೊಸದಾಗಿ ಬಂದವು ಎರಡು, ಅವುಗಳಲ್ಲಿ ಇವರು ಅನುಮಾನಪಟ್ಟದ್ದು ಮಾತಾಡಬಲ್ಲದ್ದರ ಮೇಲೆ.

ಮೋಟಾರಿಗೆ ಮೂರು ತಂತಿಯಲ್ಲಿ ಕರೆಂಟು ಬರುತ್ತದೆ. ಒಂದು ಸೊರಗಿದರೆ ಅದರ ಭಾರವನ್ನು ಉಳಿದೆರಡು ಹೊರುತ್ತವೆ. ಮೋಟಾರು ತಿರುಗುತ್ತಲೇ ಇರುತ್ತದೆ, ಒಳಗೆ ಸುರುಳಿಯ ಮೇಲಿನ ವಾರ್ನಿಶ್ ಬೇಯುತ್ತಿರುತ್ತದೆ, ಹೊರಗೆ ನಿಂತವನಿಗೆ ತಿಳಿಯುವುದು ವಾಸನೆ ಬಂದ ಮೇಲೆ. ಹಳೆಯ ರಿಲೇಯಲ್ಲಿ ಬಿಸಿಗೆ ಬಾಗುವ ಲೋಹದ ಪಟ್ಟಿ ಇತ್ತು. ಮೊದಲೇ ನಿಧಾನ, ಅದನ್ನೂ ಬಾಗಗೊಡದಂತೆ ಇವರು ಕಡ್ಡಿ ಚುಚ್ಚಿ ಇಟ್ಟಿದ್ದರು. ಹೊಸ ಡಬ್ಬಿ ಕಾವಿಗೆ ಕಾಯುವುದಿಲ್ಲ. ಮೂರೂ ತಂತಿಯ ಕರೆಂಟನ್ನು ಅಳೆಯುತ್ತ ಕೂತಿರುತ್ತದೆ, ಸಮತೂಕ ತಪ್ಪಿದರೆ ಕೆಲವೇ ಸೆಕೆಂಡಿನಲ್ಲಿ ಸ್ಟಾರ್ಟರನ್ನು ಬೀಳಿಸಿ ಮೋಟಾರು ನಿಲ್ಲಿಸುತ್ತದೆ. ಯಾಕೆ ಬೀಳಿಸಿದೆ ಅಂತ ಹೇಳಲು ಎರಡು ಕೆಂಪು ದೀಪ: ಭಾರ ಹೆಚ್ಚಾದರೆ ಒಂದು, ತಂತಿ ಕೈಕೊಟ್ಟರೆ ಇನ್ನೊಂದು. ಆ ಮನೆಯಲ್ಲಿ ಕಾರಣ ಹೇಳಿ ಕೆಲಸ ಮಾಡುತ್ತಿದ್ದುದು ಅದೊಂದೇ. ಯಾರೂ ಅದರ ಕಡೆ ನೋಡುತ್ತಿರಲಿಲ್ಲ.

ಸಂಜೆ ಅಕ್ಕ ದೀಪ ಹಿಡಿದು ತುಳಸಿಕಟ್ಟೆಗೆ ಬಂದಳು. ಹಣತೆ ಹತ್ತಿತು, ಗಿರಣಿ ನಿಂತಿತು. ಜೋಳದ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸರೆಲ್ಲ ಅಕ್ಕನತ್ತ ತಿರುಗಿದರು.

"ಕಣ್ಣಾರೆ ನೋಡಿದ್ರಿಲ್ಲೋ?" ಅಂದಳು ಅಕ್ಕನ ಅತ್ತೆ. ಅಪ್ಪ ನೆಲ ನೋಡಿದ. ನಾನು ಡಬ್ಬಿ ನೋಡಿದೆ. ಎರಡನೇ ದೀಪ ಹತ್ತಿತ್ತು. ಹೊರಗೆ ಓಣಿಯ ತುಂಬ ಬಲ್ಬುಗಳು ಅರಿಷಿಣ ಹಚ್ಚಿಕೊಂಡಂತೆ ಮಂಕಾಗಿ ಉರಿಯುತ್ತಿದ್ದವು.

"ಕಾಕಾರ," ಅಂದೆ ಯಜಮಾನನಿಗೆ, "ಈ ಹೊತ್ತಿಗೆ ದೀಪ ಹಚ್ಚೂದು ಅಕ್ಕ ಒಬ್ಬಾಕಿ ಅಲ್ಲ, ಇಡೀ ಊರು. ಊರ ಬಲ್ಬೆಲ್ಲಾ ಒಂದ ತಂತಿಗೆ ಹಾಕ್ಯಾರ. ಆ ತಂತಿ ಸೊರಗತದ, ಡಬ್ಬಿ ಮೋಟಾರ್ ನಿಲ್ಲಸತದ."

"ಊರು ಮದ್ಲೂ ಬಲ್ಬ್ ಹಚ್ಚತಿತ್ತವಾ. ಅವಾಗ ನಿಲ್ತಿರಲಿಲ್ಲ."

"ನಿಲ್ತಿರಲಿಲ್ಲ, ಸುಡತಿತ್ತು. ಎರಡ ಸಲ ಸುಟ್ಟಾಗ ಯಾರ ಕಾಲ್ಗುಣ ಇತ್ರಿ?"

"ಅದು ಮೋಟಾರಿನ ತಪ್ಪು."

"ನಾಳೆ ಅಕ್ಕ ದೀಪ ಹಚ್ಚೂದು ಬ್ಯಾಡ. ಆದ್ರೂ ನಿಲ್ಲತದ, ನೋಡ್ರಿ."

"ಸಂಜೀ ಹೊತ್ತ ದೀಪಿಲ್ಲದ ಕುಂದರಬೇಕೇನ?" ಅಂದಳು ಅತ್ತೆ.

"ಅಕ್ಕನ್ನ ಒಂದಿನ ಬಾಜೂ ಊರು ಮೊರಬದಾಗ ನಮ್ಮ ಮಂದಿ ಮನಿಗೆ ಕರಕೊಂಡ ಹೋಗ್ತೀನಿ. ದೀಪ ನೀವ ಹಚ್ಚರಿ."

"ಹೊಸ್ತಿಲ ದಾಟಿ ಬಂದ ಕಾಲ್ಗುಣ, ಆಕಿ ಹೊರಗ ಹೋದಕೂಡ್ಲೆ ಹೋಗತದೇನು?" ಅಂದ ಯಜಮಾನ.

"ಹಂಗಾರ ತವರಿಗೆ ಕಳಿಸಿ ಏನ ಉಪಯೋಗರಿ?"

ಕಾಲೇಜಿನ ವೇದಿಕೆಯಲ್ಲಾಗಿದ್ದರೆ ಇಲ್ಲಿಗೆ ಚಪ್ಪಾಳೆ ಬೀಳಬೇಕು. ಇಲ್ಲಿ ಯಜಮಾನ ಎಲೆ ಅಡಿಕೆ ಉಗುಳಿ ಬಂದು ಹೊಸ ಕರಾರು ಹಾಕಿದ. "ಡಬ್ಬಿ ನಿಲ್ಲಸತದ ಅಂತೀದಿ. ಡಬ್ಬಿ ಬಂದ್ ಮಾಡ್ತೀನಿ. ನಾಳೆ ಸಂಜೀಕ ಮೋಟಾರ್ ನಡದ್ರ ನಿಮ್ಮಕ್ಕ ಇಲ್ಲೇ ಇರಲಿ."

"ನಡೀತದ್ರಿ. ಆದ್ರ ಸುಡತದ."

"ಸುಡಲಿ, ನೋಡೂಣು."

ಸುಟ್ಟರೆ ಮತ್ತೆ ಯಾರ ಕಾಲಿಗೆ ಬರುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಊಟಕ್ಕೆ ಕರೆಯುವ ತನಕ ವಾದಿಸಿದೆ. ಭಾವನ ಮುಖ ನೋಡಿದೆ. ಬಿ.ಕಾಂ. ಮುಗಿಸಿದವನು, ತನ್ನಪ್ಪನ ಮುಂದೆ ಮಾತ್ರ ಕಡ್ಡಿ ಚುಚ್ಚಿದ ರಿಲೇ. ಮರುದಿನ ಒಂದು ತುಂಡು ವೈರಿನಿಂದ ಡಬ್ಬಿಯ ಎರಡು ಸ್ಕ್ರೂ ಜೋಡಿಸಿ ಅದರ ಬಾಯಿ ಕಟ್ಟಿದವನು ಅವನೇ.

ಆ ಸಂಜೆ ಹಣತೆ ಹತ್ತಿತು, ಗಿರಣಿ ನಿಲ್ಲಲಿಲ್ಲ. ದನಿ ಮಾತ್ರ ದಪ್ಪಗಾಗಿ ಕಲ್ಲು ಏದುಸಿರು ಬಿಡತೊಡಗಿತು. ಅತ್ತೆ ಅಕ್ಕನ ಬಾಯಿಗೆ ಸಕ್ಕರೆ ಹಾಕಿದಳು. "ಎಲ್ಲಾ ಛಲೋ ಆತು, ಇನ್ನ ಹೋಗೂಣು" ಅಂದ ಅಪ್ಪ. ಮೋಟಾರಿನ ಮೈಮೇಲೆ ಕೈ ಇಟ್ಟು ನೋಡಿದೆ, ಇಡಲಾಗಲಿಲ್ಲ. ಹೇಳಿದೆ, ಯಾರೂ ಕೇಳಲಿಲ್ಲ. ಸಿಟ್ಟು ನೆತ್ತಿಗೇರಿತು. ಅಷ್ಟೂ ಹೆಂಗಸರ ಮುಂದೆ ಅಂದುಬಿಟ್ಟೆ: "ಈ ಮೋಟಾರ್ ಅಮಾಸಿ ಕಾಣಂಗಿಲ್ಲ."

ಕಾಣಲಿಲ್ಲ. ಅಮಾವಾಸ್ಯೆಗೆ ಮೊದಲೇ ಒಂದು ಸಂಜೆ ಹೊಗೆ ಬಂತು. ಮತ್ತೆ ಕರೆ ಬಂತು, ಈ ಸಲ ನನಗೆ.

ಅಂಗಳದಲ್ಲಿ ನನ್ನನ್ನು ನಿಲ್ಲಿಸಿಕೊಂಡು ಯಜಮಾನ ಅಪ್ಪನಿಗೆ ಹೇಳಿದ: "ನಿಮ್ಮ ಸಣ್ಣಾಕಿದು ಕರಿನಾಲಿಗಿ ಅದರಿ ಮಾಸ್ತರ. ಅಂದದ್ದ ಆತು. ಊರ ಹೆಣ್ಮಕ್ಕಳೆಲ್ಲಾ ಕೇಳ್ಯಾರ."

ಅಕ್ಕನ ಕಾಲಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಒಂದು ಮೋಟಾರು ಸುಡಲು ಒಬ್ಬಳು ಸಾಕಲ್ಲ. ವಾರ್ನಿಶ್ ಹೇಗೆ ಬೇಯುತ್ತದೆ ಅಂತ ಮೂರನೆಯ ಸಲ ಹೇಳಲು ನಾನು ಬಾಯಿ ತೆರೆದೆ. ಅಡಿಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಬೇಡ ಅನ್ನುವ ಹಾಗೆ ತಲೆ ಆಡಿಸಿದಳು, ಬಹಳ ಸಣ್ಣಗೆ. ಈ ಮನೆಗೆ ತಂತಿ, ಬಲ್ಬು, ವಾರ್ನಿಶ್ ಬೇಕಾಗಿರಲಿಲ್ಲ. ಬೇಕಾದದ್ದು ಒಬ್ಬ ಹೆಣ್ಣು. ನನ್ನ ನಾಲಿಗೆ ಅಲ್ಲ ಅಂತ ನಾನು ಗೆದ್ದರೆ ಉಳಿಯುವುದು ಅವಳ ಕಾಲು.

"ಹೌದ್ರಿ ಕಾಕಾರ," ಅಂದೆ. "ನನ್ನ ನಾಲಿಗಿನ ಅಂಥಾದ್ದು. ಇನ್ನೊಂದ ಮಾತ ಹೇಳ್ತೀನಿ, ನೀಟಾಗಿ ಕೇಳ್ರಿ. ಡಬ್ಬಿ ಬಿಟ್ಟು ಮೋಟಾರ್ ಚಾಲೂ ಮಾಡಿದ್ರ ಮತ್ತ ಸುಡತದ. ಡಬ್ಬಿ ಬಾಯಿ ಕಟ್ಟಿದ್ರೂ ಸುಡತದ."

ಯಜಮಾನನ ಮುಖ ಬಿಳಿಚಿತು. ಅಷ್ಟು ಕಾರಣ ಕೊಟ್ಟು ಹೇಳಿದ್ದನ್ನು ಹೊಟ್ಟಿನಂತೆ ತೂರಿದವರು ಈ ಒಂದು ಬೆದರಿಕೆಯನ್ನು ಕಣ್ಣಿಗೊತ್ತಿಕೊಂಡರು. ಭಾವ ಆಗಲೇ ಹೋಗಿ ವೈರಿನ ತುಂಡು ಕಿತ್ತ. ಮೋಟಾರು ಹುಬ್ಬಳ್ಳಿಯಿಂದ ತಿರುಗಿ ಬಂದಾಗ ಡಬ್ಬಿಗೆ ಲಿಂಬೆಹಣ್ಣು ಕಟ್ಟಿದರು. ನಾನು ಆ ಹೊಸ್ತಿಲು ತುಳಿಯಬಾರದು ಅಂತಲೂ ಆಯಿತು.

ನಾಗರಪಂಚಮಿಗೆ ಅಕ್ಕ ತವರಿಗೆ ಬಂದಿದ್ದಳು, ಮೈ ತುಂಬಿಕೊಂಡು. ಗಿರಣಿ ಈಗಲೂ ದೀಪ ಹಚ್ಚುವ ಹೊತ್ತಿಗೆ ನಿಲ್ಲುತ್ತದಂತೆ. ಯಾರೂ ಅವಳ ಕಡೆ ತಿರುಗುವುದಿಲ್ಲವಂತೆ. ಯಜಮಾನ "ಧಾರವಾಡದಾಕಿ ನೆನಸಿದ್ಲು" ಅಂದು, ಡಬ್ಬಿಯನ್ನು ಮುಟ್ಟದೆ, "ಮುಂಜಾನೆ ಬರ್ರಿ" ಅಂತ ಮಂದಿಯನ್ನು ಕಳಿಸಿ ಬಾಗಿಲು ಹಾಕುತ್ತಾನಂತೆ.

"ದಿನಾ ಸಂಜೀಕ ತಪ್ಪದ ಯಾಕ ನೆನಸ್ತೀಲೇ?" ಅಂದಳು ಅಕ್ಕ, ಹಬ್ಬದ ಉಂಡಿ ಮುರಿಯುತ್ತ. "ಗಿರಣಿ ಬಂದಾದ್ರ ನನಗೂ ಅಷ್ಟೊತ್ತಿಗೆ ಕೆಲಸ ಮುಗೀತದ. ಛಲೋ ಆಗೇದ ಬಿಡು."