ಅರವತ್ತನಾಲ್ಕು ಕೆಬಿಯ ಲಗೋರಿ

ಈ ಸಲದ ಆಯುಧಪೂಜೆಗೆ ನಮ್ಮ ಆಫೀಸಿನವರು ಬೂದುಗುಂಬಳ ಒಡೆದು, ಸರ್ವರ್ ಕೋಣೆಯ ಬಾಗಿಲಿಗೆ ಕುಂಕುಮ ಹಚ್ಚಿದರು. ಹಸಿ ಕುಂಬಳ, ಕರ್ಪೂರ, ಎ.ಸಿ.ಯ ತಣ್ಣನೆಯ ಗಾಳಿ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೈ ಉರಿಯತೊಡಗಿತು. ಎಲ್ಲರೂ ಕಡ್ಲೆಪುರಿ ಹಂಚಿಕೊಳ್ಳುತ್ತಿದ್ದರೆ ನಾನು ಸಿಂಗಸಂದ್ರದ ಹಳೆಯ ಕಂಪನಿಯ ನನ್ನ ಮೊದಲ ಟೀಮ್ ಲೀಡನ್ನು ಮನಸ್ಸಿನಲ್ಲೇ ಬೈಯುತ್ತ ನಿಂತಿದ್ದೆ.

ಅವರನ್ನು ‘ಅವರು’ ಎನ್ನುವುದು ಹಳೆಯ ಅಭ್ಯಾಸ. ಗೌರವ ಎಂದು ಯಾರೂ ತಿಳಿಯಬಾರದು.

ಅದು ಕೀಪ್ಯಾಡ್ ಫೋನುಗಳ ಕಾಲ. ಹೊಸೂರು ರಸ್ತೆಯ ಪಕ್ಕ, ಪೇಂಟ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಕಂಪನಿ. ಫೋನಿಗೆ ಆಟ ಬರೆಯುವುದು ಕೆಲಸ. ಚಿತ್ರ, ಸದ್ದು, ಪ್ರೋಗ್ರಾಮು ಎಲ್ಲ ಸೇರಿ ಆಟ ಅರವತ್ತನಾಲ್ಕು ಕೆಬಿ ದಾಟುವಂತಿರಲಿಲ್ಲ. ದಾಟಿದರೆ ಕೆಲವು ಫೋನುಗಳು ಅದನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಈಗ ಬೆಳಗಾದರೆ ನೆಂಟರು ಕಳಿಸುವ ಗುಡ್ ಮಾರ್ನಿಂಗ್ ಚಿತ್ರವೇ ಅದಕ್ಕಿಂತ ದೊಡ್ಡದು. ಲೀಡ್‌ಗೆ ಕೆಲಸ ಬರುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಚಿತ್ರದಿಂದ ಬಣ್ಣ ಕಿತ್ತು, ಪ್ರೋಗ್ರಾಮಿನೊಳಗಿನ ಹೆಸರುಗಳನ್ನು ಒಂದೊಂದು ಅಕ್ಷರಕ್ಕಿಳಿಸಿ, ಎಂಥ ಆಟವನ್ನೂ ಹಿಂಡಿ ಒಳಗೆ ತೂರಿಸುತ್ತಿದ್ದರು. ಆದರೆ ಸೋಂಪು ಜಗಿಯುತ್ತ ನನ್ನ ಹಿಂದೆ ಬಂದು ನಿಂತು, ಪೆನ್ನಿನಿಂದ ಪರದೆ ಕುಟ್ಟುತ್ತ, "ಇದನ್ನ ಯಾರಮ್ಮ ಬರ್ದಿದ್ದು, ನಿಮ್ಮನೆ ಎಮ್ಮೆನಾ?" ಎನ್ನುತ್ತಿದ್ದರಲ್ಲ… ನಮ್ಮದು ಬೇಗೂರು, ಮನೆಯಲ್ಲಿ ಎಮ್ಮೆ ಇದ್ದದ್ದೂ ನಿಜ. ಅವರಿಗಿಂತ ಒಳ್ಳೆಯ ಸ್ವಭಾವದ ಪ್ರಾಣಿ ಅದು.

ಲಗೋರಿ ಆಟ ನಾನು ಬರೆದದ್ದು. ಚೆಂಡೆಸೆದು ಕಲ್ಲಿನ ಗುಡ್ಡೆ ಬೀಳಿಸಬೇಕು, ಮತ್ತೆ ಜೋಡಿಸಿದ ಕೂಡಲೇ "ಲಗೋರಿ!" ಎಂಬ ಕೂಗು ಕೇಳಬೇಕು. ಆ ಕೂಗಿಗಾಗಿ, ಆಗ ಡಿಗ್ರಿ ಓದುತ್ತಿದ್ದ ನನ್ನ ತಮ್ಮನನ್ನು ಒಂದು ಭಾನುವಾರ ಆಫೀಸಿಗೆ ಕರೆತಂದೆ. ಮೈಕಿನ ಮುಂದೆ ಅವನು ಕೂಗಿದ ರಭಸಕ್ಕೆ ಕೆಳಗಿನ ಪೇಂಟ್ ಅಂಗಡಿಯವರು ಏನಾಯಿತೋ ಎಂದು ಓಡಿಬಂದರು. "ಅಕ್ಕ, ಇಂಗೆ ಸಾಕಾ? ಇನ್ನೂ ಜೋರಾಗ್ ಕೂಗ್ಲಾ?" ಎಂದು ಅವನು ಕೇಳಿದ್ದ.

ಸೋಮವಾರ ಲೀಡ್ ಅದನ್ನು ಕೇಳಿ ಮೂಗು ಮುರಿದರು. "ಒಳ್ಳೆ ದನ ಕಾಯೋನ್ ಥರ ಇದ್ಯಲ್ಲಮ್ಮ." ನಾನು ಹಟ ಹಿಡಿದೆ. "ಆಯ್ತು, ಇರ್ಲಿ ಬಿಡು" ಎಂದರು. ಎಲ್ಲ ಸೇರಿಸಿ ಕಟ್ಟಿ ಬಿಡುಗಡೆಗೆ ಕಳಿಸುವ ಕೊನೆಯ ಬಿಲ್ಡನ್ನು ಅವರೊಬ್ಬರೇ ಕೂತು ಮಾಡುತ್ತಿದ್ದರು. ನನ್ನ ಫೋನಿನಲ್ಲಿ ಟಾರ್ಚ್ ಬಿಟ್ಟರೆ ಬೇರೇನೂ ಇರಲಿಲ್ಲವಾದ್ದರಿಂದ, ಹೊರಗೆ ಹೋದ ಆಟವನ್ನು ನಾನು ಆಡಲೇ ಇಲ್ಲ. ತಮ್ಮ ಮಾತ್ರ ತನ್ನ ದನಿ ಫೋನಿನಲ್ಲಿ ಬಂದಿದೆಯೆಂದು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ.

ಆ ವರ್ಷದ ಆಯುಧಪೂಜೆಗೆ ಲೀಡ್‌ಗೆ ಭಕ್ತಿ ಉಕ್ಕಿ ಹರಿಯಿತು. ಕಂಪ್ಯೂಟರಿಗೆ ಕುಂಕುಮ, ಕೀಬೋರ್ಡಿಗೆ ಕುಂಕುಮ, ಸ್ಟೇಪ್ಲರಿಗೂ ಕುಂಕುಮ. ಅಷ್ಟಕ್ಕೇ ಬಿಡದೆ, ಎಲ್ಲ ಆಟಗಳ ಮೂಲ ಫೈಲುಗಳಿದ್ದ ಬ್ಯಾಕಪ್ ಸೀಡಿಗಳನ್ನು ಡಬ್ಬಿಯಿಂದ ತೆಗೆದು, ಹೊಳೆಯುವ ಕಡೆ ಮೇಲೆ ಮಾಡಿ ಪೂಜೆಗಿಟ್ಟು, ಗಂಧ ಬಳಿದು, ಅದರ ಮೇಲೆ ಕುಂಕುಮವಿಟ್ಟರು. "ಸಾರ್, ಆ ಕಡೆ ಬೇಡ" ಎಂದೆ. "ದೇವರ ಕೆಲ್ಸಕ್ಕೆ ಅಡ್ಡ ಬರ್ಬೇಡಮ್ಮ" ಎಂದರು. ಮರುದಿನ ಒಣಗಿದ ಗಂಧವನ್ನು ಕರವಸ್ತ್ರದಿಂದ ಗಸಗಸ ಉಜ್ಜಿದವರೂ ಅವರೇ. ಡ್ರೈವು ಓದುವುದು ಆ ಕಡೆಯಿಂದಲೇ ಎಂದು ಚೆನ್ನಾಗಿ ಗೊತ್ತಿದ್ದ ಮನುಷ್ಯ!

ಕೆಲವು ತಿಂಗಳಲ್ಲಿ ಆ ಫೈಲುಗಳಿದ್ದ ಆಫೀಸಿನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಸೀಡಿ ಹಾಕಿದರೆ ಡ್ರೈವು ಕಿರಕಿರ ಎಂದು ಸುತ್ತಿ ಹೊರಗೆ ಉಗುಳಿತು. ಮಾಲೀಕರ ಮುಂದೆ ಲೀಡ್ ಕಣ್ಣು ಕೂಡ ಮಿಟುಕಿಸದೆ, ಸೀಡಿ ಬರೆದವಳು ಇವಳು, ನೆಟ್ಟಗೆ ಬರೆದಿಲ್ಲ ಎಂದರು. ನಾನು ಕುಂಕುಮದ ಮಾತೆತ್ತಿದೆ. "ನೋಡಿ ಸಾರ್, ದೇವರ ಕುಂಕುಮದಿಂದ ಹಾಳಾಯ್ತಂತೆ!" ಎಂದು ನಕ್ಕರು. ಮಾಲೀಕರು ಗೋಡೆಯ ಮೇಲಿನ ದೇವರ ಫೋಟೋಗೆ ಕೈಮುಗಿದು, ನನಗೆ ನಾಳೆಯಿಂದ ಬರಬೇಡ ಎಂದರು.

ಬರೀ ಕೆಲಸ ಹೋಗಿದ್ದಕ್ಕೆ ಇಷ್ಟು ವರ್ಷ ಹಲ್ಲು ಕಡಿಯುವವಳಲ್ಲ ನಾನು. ಮರುವರ್ಷ ತಮ್ಮ ಹೊಸೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಹೋಗಿಬಿಟ್ಟ. ಫೋಟೋಗಳಿದ್ದವು, ದನಿ ಎಲ್ಲೂ ಇರಲಿಲ್ಲ… ಅವನ ಕೂಗಿನ ಮೂಲ ರೆಕಾರ್ಡಿಂಗು ಆ ಡಿಸ್ಕು, ಆ ಸೀಡಿಗಳ ಜೊತೆಗೇ ಹೋಗಿತ್ತು. ಒಂದೇ ಒಂದು ಸಲ ಅವನ ದನಿ ಕೇಳಿಸು ಎಂದು ಅಮ್ಮ ಗೋಳಾಡಿದಾಗ, ಮಾನ ಮರ್ಯಾದೆ ಬದಿಗಿಟ್ಟು ಲೀಡ್‌ಗೆ ಫೋನ್ ಮಾಡಿದೆ. ಎಲ್ಲಾದರೂ ಒಂದು ಪ್ರತಿ ಉಳಿದಿದೆಯೇ ಎಂದು ಬೇಡಿದೆ. "ಗೇಮಲ್ಲೇ ಇದ್ಯಲ್ಲಮ್ಮ, ಡೌನ್‌ಲೋಡ್ ಮಾಡ್ಕೊಂಡ್ ಕೇಳು" ಎಂದು ಫೋನಿಟ್ಟರು. ಅಷ್ಟರಲ್ಲಿ ಆಟ ಸಿಗುತ್ತಿದ್ದ ತಾಣವೇ ಮುಚ್ಚಿಹೋಗಿತ್ತು.

ಈ ಸಲದ ಪೂಜೆಯ ದಿನ ಅದೇ ಸಿಟ್ಟಿನಲ್ಲಿ ಮನೆಗೆ ಬಂದು ಮತ್ತೊಮ್ಮೆ ಹುಡುಕಿದೆ. ಹಳೆಯ ಫೋನುಗಳ ಆಟಗಳನ್ನು ಕೂಡಿಡುವ ಯಾರೋ ಪುಣ್ಯಾತ್ಮರು ನಮ್ಮ ಲಗೋರಿಯನ್ನೂ ಉಳಿಸಿದ್ದರು! ಹಳೆಯ ಫೋನಿನ ಹಾಗೆ ನಟಿಸುವ ಎಮ್ಯುಲೇಟರನ್ನು ಲ್ಯಾಪ್‌ಟಾಪಿಗೆ ಹಾಕಿ ಆಟ ತೆರೆದೆ. ಚೆಂಡು ಹುಚ್ಚು ಹಿಡಿದಂತೆ ಓಡಿತು. ಆ ಕಾಲದ ನಿಧಾನದ ಪ್ರೊಸೆಸರನ್ನು ನಂಬಿ ಬರೆದ ಆಟವಲ್ಲವೇ. ವೇಗ ತಗ್ಗಿಸಿ, ಕಲ್ಲು ಜೋಡಿಸಿದೆ. ಸದ್ದೇ ಇಲ್ಲ. ಆ ಹಳೆಯ ಬಗೆಯ ಸದ್ದು ಎಮ್ಯುಲೇಟರಿಗೆ ಬರುತ್ತಿರಲಿಲ್ಲ. ಆಟದ ಫೈಲೆಂದರೆ ಒಂದು ಜಿಪ್ ಗಂಟು ಅಷ್ಟೇ. ಅದನ್ನು ಬಿಚ್ಚಿ, ಸದ್ದಿನ ಫೈಲನ್ನು ಹೊರಗೆ ತೆಗೆದು, ಈಗಿನ ಬಗೆಗೆ ಬದಲಿಸಿ, ಅಮ್ಮನನ್ನು ಕೂಗಿ ಕರೆದು ಒತ್ತಿದೆ.

"ಲಗೋರಿ."

ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುವ ಹಾಗೆ, ನಿಧಾನವಾಗಿ, ನಾಜೂಕಾಗಿ. ಲೀಡ್ ದನಿ! ನನ್ನ ತಮ್ಮನನ್ನು ಕಿತ್ತುಹಾಕಿ ಆ ಜಾಗದಲ್ಲಿ ತನ್ನನ್ನೇ ತುರುಕಿಕೊಂಡಿದ್ದ ಪಾಪಿ. ಸತ್ತವನ ಅಕ್ಕ ಬೇಡಿದಾಗಲೂ ಸತ್ಯ ಹೇಳಲಿಲ್ಲ. ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ.

ಲ್ಯಾಪ್‌ಟಾಪ್ ಮುಚ್ಚಲು ಹೋದೆ. ಅಮ್ಮ ನನ್ನ ಕೈ ಹಿಡಿದಳು.

"ಇನ್ನೊಂದ್ಸಲ ಕೇಳ್ಸೆ."

ಕರಕರ ಎನ್ನುವ ಆ ಒಂದು ಮಾತನ್ನು ಅವಳು ಲ್ಯಾಪ್‌ಟಾಪಿಗೆ ಕಿವಿಗೊಟ್ಟು ಕೇಳಿದಳು. "ಅವ್ನೇ ಕಣೆ, ನನ್ ಮಗ… ದೊಡ್ಡೋರಂಗೆ ಎಷ್ಟ್ ಗತ್ತಾಗ್ ಮಾತಾಡವ್ನೆ ನೋಡು" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಲ್ಲಮ್ಮ ಎನ್ನದೆ ನಾನು ಮತ್ತೊಮ್ಮೆ ಒತ್ತಿದೆ.

ಈಗ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಬಂದು ನನ್ನ ಪಕ್ಕ ಕೂರುತ್ತಾಳೆ. ನಾನು ಹಲ್ಲು ಕಚ್ಚಿಕೊಂಡು ಆ ಮನುಷ್ಯನ ದನಿ ಹಾಕುತ್ತೇನೆ, ಅವಳು ಕಣ್ಣೊರೆಸಿಕೊಂಡು ನಗುತ್ತಾಳೆ. ನನ್ನ ತಮ್ಮನ ದನಿ ಎಂದೋ ಹೋಯಿತು. ಅದು ಈ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು.